ಹನ್ನೆರಡು ಕೊಡ ಸೋಸಿ ಒಂದು ತಂಬಿಗೆ ಹೊರಗೆ ಬಿಡುವ ಅಂಗ



ಚೈತ್ರ ವೈಶಾಖದ ಬಿಸಿಲಿನಲ್ಲಿ ಇಡೀ ದಿನ ಹೊಲದಲ್ಲಿ ದುಡಿದು ಸಂಜೆ ಮನೆಗೆ ಬಂದಾಗ ಮೂತ್ರ ಸ್ವಲ್ಪವೇ ಹೋಗುತ್ತದೆ. ಅದರ ಬಣ್ಣ ಗಾಢ ಹಳದಿ. ಕೆಲವು ವೇಳೆ ಉರಿಯೂ ಇರುತ್ತದೆ. ಅದೇ ನೀವು ಶ್ರಾವಣದ ಜಡಿಮಳೆಯಲ್ಲಿ ಜಗಲಿಯ ಮೇಲೆ ಕುಳಿತಿದ್ದರೆ ಮತ್ತೆ ಮತ್ತೆ ಎದ್ದು ಹೋಗಬೇಕಾಗುತ್ತದೆ. ಮೂತ್ರ ನೀರಿನಂತೆ ತಿಳಿಯಾಗಿರುತ್ತದೆ. ಮನುಷ್ಯ ಒಬ್ಬನೇ, ಮೂತ್ರಪಿಂಡ ಅದೇ. ಹಾಗಾದರೆ ಇವತ್ತು ಇಷ್ಟು ನೀರು ಹೊರಗೆ ಹೋಗಲಿ, ಇಷ್ಟು ಒಳಗೆ ಉಳಿಯಲಿ ಎಂದು ತೀರ್ಮಾನಿಸುವವರು ಯಾರು?

ಈ ಲೆಕ್ಕ ನಡೆಯುವುದು ಮೂತ್ರಪಿಂಡದೊಳಗಿನ ಕೂದಲಿಗಿಂತ ತೆಳುವಾದ ನಳಿಕೆಗಳಲ್ಲಿ. ಅವು ಮಾಡುವ ಕೆಲಸವನ್ನು ಒಮ್ಮೆ ತಿಳಿದುಕೊಂಡರೆ, ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವುದು, ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಏಕೆ ಅಪಾಯವೆಂಬುದು ತಾನೇ ತಿಳಿಯುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿರಿ. ಓದು ಬಾರದ ಹಿರಿಯರಿಗೆ ಓದಿ ಹೇಳಿರಿ.

ಮೂತ್ರಪಿಂಡದ ಒಳಗೆ ಏನಿದೆ?

ಆಡು ಕುರಿ ಕೊಯ್ಯುವುದನ್ನು ಕಂಡವರಿಗೆ ಮೂತ್ರಪಿಂಡದ ಪರಿಚಯ ಉಂಟು. ಹುರುಳಿ ಬೀಜದ ಆಕಾರ, ಕೆಂಪುಗಂದು ಬಣ್ಣ. ಮನುಷ್ಯರಲ್ಲಿಯೂ ಹೀಗೆಯೇ. ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಹತ್ತಿರ, ಬೆನ್ನುಮೂಳೆಯ ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ಒಂದೊಂದರ ಉದ್ದ 10ರಿಂದ 12 ಸೆಂಟಿಮೀಟರು. ತೂಕ ಸುಮಾರು 150 ಗ್ರಾಂ. ಹಿಡಿಯಷ್ಟು ದೊಡ್ಡದಾದ ಈ ಅಂಗಗಳೆರಡಕ್ಕೂ ಸೇರಿ ಹೃದಯವು ಪ್ರತಿ ನಿಮಿಷಕ್ಕೆ ಒಂದು ಲೀಟರಿಗಿಂತ ಹೆಚ್ಚು ರಕ್ತವನ್ನು ಕಳುಹಿಸುತ್ತದೆ. ಹೃದಯ ಒತ್ತುವ ಒಟ್ಟು ರಕ್ತದಲ್ಲಿ ಇದು ಐದನೆಯ ಒಂದು ಪಾಲು. ಇಷ್ಟು ಚಿಕ್ಕ ಅಂಗಕ್ಕೆ ಇಷ್ಟು ದೊಡ್ಡ ಪಾಲು ಏಕೆಂಬುದು ಮುಂದೆ ತಿಳಿಯುತ್ತದೆ.

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸಣ್ಣ ಯಂತ್ರಗಳಿವೆ. ಪ್ರತಿಯೊಂದು ಯಂತ್ರಕ್ಕೂ ಎರಡು ಭಾಗ. ಮೊದಲನೆಯದು ತೆಳು ರಕ್ತನಾಳಗಳು ಸುತ್ತಿಕೊಂಡು ಆದ ಒಂದು ಉಂಡೆ, ಇದು ಜರಡಿ. ಆ ಉಂಡೆಯನ್ನು ಒಂದು ಸಣ್ಣ ಬಟ್ಟಲು ಹಿಡಿದುಕೊಂಡಿರುತ್ತದೆ. ಬಟ್ಟಲಿನ ತಳದಿಂದ ಹೊರಡುವ ಉದ್ದನೆಯ ನಳಿಕೆ ಎರಡನೆಯ ಭಾಗ. ನಳಿಕೆ ಮೊದಲು ಸುತ್ತಿ ಸುತ್ತಿ ಹೋಗುತ್ತದೆ. ಆಮೇಲೆ ಮೂತ್ರಪಿಂಡದ ಒಳತಿರುಳಿಗೆ ನೇರವಾಗಿ ಇಳಿದು, ಹಿಂದಿರುಗಿ ಮೇಲಕ್ಕೆ ಏರುತ್ತದೆ. ಮತ್ತೆ ಒಂದಷ್ಟು ಸುತ್ತಿ, ಕೊನೆಗೆ ಬೇರೆ ನಳಿಕೆಗಳೊಡನೆ ಒಂದು ದೊಡ್ಡ ಕೊಳವೆಗೆ ಸೇರುತ್ತದೆ. ಹೊಲಗಾಲುವೆಗಳೆಲ್ಲ ಒಂದು ಹಳ್ಳಕ್ಕೆ ಸೇರಿದ ಹಾಗೆ. ನಳಿಕೆಯ ಉದ್ದಕ್ಕೂ ಅದನ್ನು ತಬ್ಬಿಕೊಂಡು ಸಣ್ಣ ರಕ್ತನಾಳಗಳು ಹರಿಯುತ್ತವೆ. ಈ ಹೊಂದಿಕೆಯನ್ನು ನೆನಪಿನಲ್ಲಿಡಿರಿ: ಒಂದು ಕಡೆ ನಳಿಕೆಯ ನೀರು, ಮಗ್ಗುಲಲ್ಲೇ ರಕ್ತ, ಇವೆರಡರ ನಡುವೆ ಒಂದೇ ಸಾಲಿನ ಜೀವಕೋಶಗಳ ಗೋಡೆ.

ಮೊದಲು ಎಲ್ಲವೂ ಅಂಗಳಕ್ಕೆ

ಮೂತ್ರಪಿಂಡವು ರಕ್ತದಲ್ಲಿರುವ ಕಸವನ್ನು ಆರಿಸಿ ಆರಿಸಿ ಹೊರಗೆ ಹಾಕುತ್ತದೆಂದು ನಾವು ಎಣಿಸುವುದು ಸಹಜ. ನಡೆಯುವುದು ಹಾಗಲ್ಲ. ಯುಗಾದಿ ಬಂತೆಂದರೆ ಮನೆ ತೊಳೆಯುವಾಗ ನೀವು ಏನು ಮಾಡುತ್ತೀರಿ? ಪಾತ್ರೆ, ಪೆಟ್ಟಿಗೆ, ಚಾಪೆ, ಒನಕೆ ಎಲ್ಲವನ್ನೂ ಅಂಗಳಕ್ಕೆ ತಂದು ಹಾಕುತ್ತೀರಿ. ಆಮೇಲೆ ಬೇಕಾದುದನ್ನು ಒಂದೊಂದಾಗಿ ಒಳಗೆ ಒಯ್ಯುತ್ತೀರಿ. ಬೇಡದ್ದು ಅಂಗಳದಲ್ಲಿಯೇ ಉಳಿದು ತಿಪ್ಪೆಗೆ ಹೋಗುತ್ತದೆ. ಮೂತ್ರಪಿಂಡದ ಪದ್ಧತಿಯೂ ಇದೇ.

ಜರಡಿಯಲ್ಲಿ ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ನಿಲ್ಲುತ್ತವೆ. ಉಳಿದ ನೀರು, ಉಪ್ಪು, ಸಕ್ಕರೆ, ಸುಣ್ಣದ ಅಂಶ, ಕಸವಾದ ಯೂರಿಯಾ ಎಲ್ಲವೂ ಬಟ್ಟಲಿಗೆ ಇಳಿಯುತ್ತವೆ. ಒಳ್ಳೆಯದು ಕೆಟ್ಟದ್ದೆಂಬ ಭೇದ ಇಲ್ಲಿ ಇಲ್ಲ. ಹೀಗೆ ಇಳಿಯುವ ದ್ರವ ನಿಮಿಷಕ್ಕೆ ಸುಮಾರು 125 ಮಿಲಿಲೀಟರು, ದಿನಕ್ಕೆ 180 ಲೀಟರು. ನಿಮ್ಮ ಮನೆಯ ಕೊಡ 15 ಲೀಟರು ಹಿಡಿಯುವುದಾದರೆ, ಹನ್ನೆರಡು ಕೊಡ! ಅದರೊಳಗೆ ಸುಮಾರು ಒಂದೂವರೆ ಕಿಲೋ ಉಪ್ಪೂ, 180 ಗ್ರಾಂ ಸಕ್ಕರೆಯೂ ಇರುತ್ತವೆ. ಆದರೆ ದಿನಕ್ಕೆ ಮೂತ್ರವಾಗಿ ಹೋಗುವುದು ಒಂದು ದೊಡ್ಡ ತಂಬಿಗೆಯಷ್ಟು, ಅಂದರೆ ಒಂದೂವರೆ ಲೀಟರು ಮಾತ್ರ. ನೂರರಲ್ಲಿ 99 ಪಾಲು ನೀರು ನಳಿಕೆಯಿಂದ ಮರಳಿ ರಕ್ತಕ್ಕೆ ಬರುತ್ತದೆ.

ಶರೀರದಲ್ಲಿ ರಕ್ತದ ನೀರಿನ ಭಾಗ ಇರುವುದೇ ಸುಮಾರು 3 ಲೀಟರು. ನಳಿಕೆಗಳು ಹಿಂದಕ್ಕೆ ತೆಗೆದುಕೊಳ್ಳುವ ಕೆಲಸವನ್ನು ನಿಲ್ಲಿಸಿದರೆ, ಜರಡಿ ಮಾತ್ರ ಅದೇ ವೇಗದಲ್ಲಿ ಸೋಸುತ್ತಿದ್ದರೆ, ಅರ್ಧ ಗಂಟೆಯೊಳಗೆ ಅದೆಲ್ಲವೂ ಮುಗಿದುಹೋಗುತ್ತದೆ. ಆದುದರಿಂದ ಮೂತ್ರಪಿಂಡದ ಜಾಣತನ ಹೊರಗೆ ಹಾಕುವುದರಲ್ಲಿ ಮಾತ್ರವಲ್ಲ; ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿ ಇದೆ.

ಇದು ವ್ಯರ್ಥ ದುಡಿಮೆಯಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಕಸವನ್ನೇ ಗುರುತಿಸಿ ತೆಗೆಯಬೇಕಾದರೆ ಲೋಕದಲ್ಲಿರುವ ಪ್ರತಿಯೊಂದು ಕಸದ ಗುರುತೂ ಶರೀರಕ್ಕೆ ಇರಬೇಕು. ಎಲ್ಲವನ್ನೂ ಹೊರಗೆ ಹಾಕಿ ಬೇಕಾದುದನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡರೆ, ಹಿಂದೆಂದೂ ಕಾಣದ ಎಷ್ಟೋ ವಸ್ತುಗಳು ಸಹ ಗುರುತಿಸುವವರಿಲ್ಲದೆ ತಾವಾಗಿಯೇ ಹೊರಟುಹೋಗುತ್ತವೆ.

ಕಪ್ಪೆಯಿಂದ ತಿಳಿದ ಸಂಗತಿ

ಇಷ್ಟು ಸೂಕ್ಷ್ಮವಾದ ನಳಿಕೆಯೊಳಗಿನ ವಿಷಯ ಹೇಗೆ ತಿಳಿಯಿತು? ಇದಕ್ಕೆ ನಾವು ಗದ್ದೆಯ ಕಪ್ಪೆಯ ಜಾತಿಗೆ ಋಣಿಗಳು. ಕಪ್ಪೆಯ ಮೂತ್ರಪಿಂಡ ತೆಳ್ಳಗಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಅದರ ಜರಡಿಗಳು ಕಾಣುತ್ತವೆ. 1924ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವರ್ನ್ ಮತ್ತು ರಿಚರ್ಡ್ಸ್ ಎಂಬ ವಿಜ್ಞಾನಿಗಳು ಗಾಜಿನ ಕೊಳವೆಯನ್ನು ಸೂಜಿಗಿಂತ ಚೂಪಾಗಿ ಎಳೆದು, ಕಪ್ಪೆಯ ಮೂತ್ರಪಿಂಡದ ಒಂದೇ ಒಂದು ಬಟ್ಟಲಿಗೆ ಚುಚ್ಚಿ, ಅದರಲ್ಲಿದ್ದ ಕಿರಿಹನಿಯನ್ನು ಹೀರಿ ತೆಗೆದರು. ಆ ಹನಿಯಲ್ಲಿ ಸಕ್ಕರೆ ಇತ್ತು, ಉಪ್ಪಿನ ಅಂಶ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿದ್ದ ಮೂತ್ರದಲ್ಲಿ ಅವು ಇರಲಿಲ್ಲ. ದಾರಿಯಲ್ಲಿ ಯಾರೋ ತೆಗೆದುಕೊಂಡಿದ್ದರು. ದಾರಿಯಲ್ಲಿದ್ದುದು ನಳಿಕೆಯ ಗೋಡೆ ಮಾತ್ರ. ಹೀಗೆ ಬಹು ಕಾಲದ ಚರ್ಚೆಯೊಂದು ತೀರ್ಮಾನವಾಯಿತು.

ಸಕ್ಕರೆ ಹಿಂದಕ್ಕೆ ಬರುವ ಬಗೆ

ನಳಿಕೆಯ ಮೊದಲ ಸುತ್ತುಗಳಲ್ಲಿಯೇ ಹೆಚ್ಚಿನ ಕೆಲಸ ಮುಗಿಯುತ್ತದೆ. ಸೋಸಿದ ನೀರಿನಲ್ಲಿಯೂ ಉಪ್ಪಿನಲ್ಲಿಯೂ ಮೂರರಲ್ಲಿ ಎರಡು ಪಾಲನ್ನು ಈ ಭಾಗವೇ ರಕ್ತಕ್ಕೆ ಹಿಂದಿರುಗಿಸುತ್ತದೆ. ಸಕ್ಕರೆಯನ್ನೂ, ಪ್ರೋಟೀನಿನ ಚೂರುಗಳಾದ ಅಮೈನೋ ಆಮ್ಲಗಳನ್ನೂ ಬಹುಮಟ್ಟಿಗೆ ಪೂರ್ತಿಯಾಗಿ ಹಿಡಿಯುತ್ತದೆ.

ಇಲ್ಲಿಯ ಜೀವಕೋಶಗಳು ರಕ್ತದ ಕಡೆಯ ಮುಖದಲ್ಲಿ ಒಂದು ಪಂಪನ್ನು ಇಟ್ಟುಕೊಂಡಿವೆ. ಅದು ಉಪ್ಪಿನ ಒಂದು ಅಂಶವಾದ ಸೋಡಿಯಂ ಅನ್ನು ಎಡೆಬಿಡದೆ ಕೋಶದಿಂದ ಎತ್ತಿ ರಕ್ತದ ಕಡೆಗೆ ಹಾಕುತ್ತಿರುತ್ತದೆ. ಇದರಿಂದ ಕೋಶದೊಳಗೆ ಸೋಡಿಯಂ ಕೊರತೆಯಾಗಿ, ನಳಿಕೆಯ ನೀರಿನಿಂದ ಸೋಡಿಯಂ ಒಳಕ್ಕೆ ನುಗ್ಗುತ್ತದೆ. ನುಗ್ಗುವ ಬಾಗಿಲುಗಳಲ್ಲಿ ಕೆಲವು ಜೋಡಿ ಬಾಗಿಲುಗಳು: ಸೋಡಿಯಂ ಒಳಗೆ ಬರಬೇಕಾದರೆ ಜೊತೆಗೆ ಒಂದು ಸಕ್ಕರೆಯ ಅಣುವನ್ನೂ ಕರೆತರಬೇಕು. ಸಂತೆಗೆ ಹೊರಟ ಗಾಡಿಯಲ್ಲಿ ನೆರೆಯವನೂ ಹತ್ತಿಕೊಂಡು ಬಂದ ಹಾಗೆ ಸಕ್ಕರೆ ಒಳಗೆ ಬರುತ್ತದೆ. ಉಪ್ಪೂ ಸಕ್ಕರೆಯೂ ಹೋದ ಕಡೆಗೆ ನೀರೂ ಹಿಂಬಾಲಿಸುತ್ತದೆ.

ಇಂಥ ಜೋಡಿ ಬಾಗಿಲುಗಳು ನಮ್ಮ ಕರುಳಿನಲ್ಲಿಯೂ ಇವೆ. ವಾಂತಿಭೇದಿಯಾದಾಗ ಬರಿಯ ನೀರು ಕೊಡುವುದಕ್ಕಿಂತ ಉಪ್ಪು ಸಕ್ಕರೆ ಎರಡನ್ನೂ ಅಳತೆಯಲ್ಲಿ ಬೆರೆಸಿದ ಓ.ಆರ್.ಎಸ್. ನೀರು ಕೊಡಬೇಕೆಂದು ಆಶಾ ಕಾರ್ಯಕರ್ತೆ ಹೇಳುವುದು ಇದಕ್ಕಾಗಿಯೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ವೇಳೆ ಬಂಗಾಳದ ಬಣಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಇಂಥ ನೀರನ್ನು ಕುಡಿಸಿ ಬಹಳ ಜನರನ್ನು ಉಳಿಸಿದರು.

ಆದರೆ ಬಾಗಿಲುಗಳ ಸಂಖ್ಯೆಗೆ ಒಂದು ಮಿತಿ ಇದೆ. 100 ಮಿಲಿಲೀಟರು ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ, ಬರುವ ಸಕ್ಕರೆಯೆಲ್ಲವನ್ನೂ ಹಿಡಿಯಲು ಬಾಗಿಲುಗಳು ಸಾಲುವುದಿಲ್ಲ. ಮಿಕ್ಕದ್ದು ಮೂತ್ರದಲ್ಲಿ ಹೋಗುತ್ತದೆ. ಹೋಗುವಾಗ ನೀರನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಮೂತ್ರಕ್ಕೆ ಇರುವೆ ಮುತ್ತುವುದು, ರಾತ್ರಿಯಲ್ಲಿ ಮತ್ತೆ ಮತ್ತೆ ಏಳಬೇಕಾಗುವುದು, ಎಷ್ಟು ಕುಡಿದರೂ ಬಾಯಾರಿಕೆ ತೀರದಿರುವುದು, ಈ ಸಕ್ಕರೆ ಕಾಯಿಲೆಯ ಗುರುತುಗಳಿಗೆಲ್ಲ ಕಾರಣ ಇದೇ. ಇರುವೆಯನ್ನು ಕಾಯುತ್ತ ಕೂಡಬೇಡಿರಿ. ಇರುವೆ ಬರುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ರಕ್ತ ಪರೀಕ್ಷೆ ಅದಕ್ಕಿಂತ ಮೊದಲೇ ತಿಳಿಸುತ್ತದೆ.

ಇಲ್ಲಿ ಒಂದು ಚೋದ್ಯವುಂಟು. 1835ರಲ್ಲಿ ಯೂರೋಪಿನಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ತೆಗೆದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆಂದು ಮುಂದೆ ಕಂಡುಬಂತು. ನಳಿಕೆಯ ಜೋಡಿ ಬಾಗಿಲುಗಳನ್ನು ಅದು ಮುಚ್ಚುತ್ತಿತ್ತು. ಅದೇ ಜಾಡಿನಲ್ಲಿ ಸಾಗಿ ತಯಾರಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳನ್ನು ವೈದ್ಯರು ಇಂದು ಸಕ್ಕರೆ ಕಾಯಿಲೆಗೆ ಕೊಡುತ್ತಾರೆ. ಹೆಚ್ಚಾದ ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಹೊರಗೆ ಬಿಡುವುದು ಇವುಗಳ ಕೆಲಸ. ಇವನ್ನು ವೈದ್ಯರ ಮಾತಿನಂತೆ ಮಾತ್ರ ತೆಗೆದುಕೊಳ್ಳತಕ್ಕದ್ದು.

ನೀರನ್ನು ಉಳಿಸುವ ತೂಬುಗಳು

ಈಗ ಬೇಸಿಗೆಯ ಹಳದಿ ಮೂತ್ರದ ವಿಷಯಕ್ಕೆ ಬರೋಣ. ನಳಿಕೆ ಒಳತಿರುಳಿಗೆ ಇಳಿದು ಹಿಂದಿರುಗುತ್ತದೆಂದು ಹೇಳಿದೆವಷ್ಟೆ. ಈ ಬಾಗಿದ ಭಾಗವನ್ನು 1862ರಲ್ಲಿ ವರ್ಣಿಸಿದವರು ಜರ್ಮನಿಯ ಹೆನ್ಲೆ. ಅದಕ್ಕೆ ಅವರ ಹೆಸರೇ ನಿಂತಿದೆ. ಮೇಲಕ್ಕೆ ಏರುವ ತೋಳಿನ ಗೋಡೆ ನೀರನ್ನು ಬಿಡುವುದಿಲ್ಲ. ಆದರೆ ಉಪ್ಪನ್ನು ಪಂಪು ಮಾಡಿ ಹೊರಗಿನ ತಿರುಳಿಗೆ ಹಾಕುತ್ತದೆ. ದಿನವೂ ಹೀಗೆ ಹಾಕುತ್ತಿರುವುದರಿಂದ ಮೂತ್ರಪಿಂಡದ ತಿರುಳು ಒಂದು ಉಪ್ಪಿನ ಪಾತಿಯಾಗಿದೆ. ತಿರುಳಿನ ತುದಿಯಲ್ಲಿ ದ್ರವದ ಸಾಂದ್ರತೆ ರಕ್ತದ ಸಾಂದ್ರತೆಯ ನಾಲ್ಕು ಪಟ್ಟಿನವರೆಗೂ ಏರುತ್ತದೆ. ಇದಕ್ಕೆ ಉಪ್ಪಿನೊಡನೆ ಯೂರಿಯಾ ಸಹ ನೆರವಾಗುತ್ತದೆ. ಹೌದು, ಚೀಲದಲ್ಲಿ ತಂದು ಪೈರಿಗೆ ಹಾಕುವ ಯೂರಿಯಾವೂ ನಿಮ್ಮ ಮೂತ್ರದಲ್ಲಿರುವ ಯೂರಿಯಾವೂ ಒಂದೇ ವಸ್ತು. ಸೋಸಿದ ಯೂರಿಯಾದಲ್ಲಿ ಸುಮಾರು ಅರ್ಧವನ್ನು ನಳಿಕೆಗಳು ಹಿಂದಕ್ಕೆ ಬಿಟ್ಟುಕೊಳ್ಳುತ್ತವೆ; ಅದರಲ್ಲಿ ಒಂದಷ್ಟು ಈ ತಿರುಳಿನಲ್ಲಿ ಕೆಲಸಕ್ಕೆ ಬರುತ್ತದೆ.

ಕೊನೆಯ ಕೊಳವೆ ಈ ಉಪ್ಪಿನ ಪಾತಿಯ ನಡುವೆಯೇ ಕೆಳಗೆ ಇಳಿಯುತ್ತದೆ. ಅದರ ಗೋಡೆಯಲ್ಲಿ ನೀರಿಗೆ ಮಾತ್ರ ದಾರಿ ಕೊಡುವ ಅತಿಸೂಕ್ಷ್ಮ ತೂಬುಗಳಿವೆ. ಇಂಥ ನೀರಿನ ತೂಬುಗಳನ್ನು ಮೊದಲು ಗುರುತಿಸಿದ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ತೂಬು ತೆರೆದರೆ ಉಪ್ಪಿನ ಎಳೆತಕ್ಕೆ ನೀರು ಕೊಳವೆಯಿಂದ ಹೊರಬಂದು ರಕ್ತಕ್ಕೆ ಸೇರುತ್ತದೆ; ಕೊಳವೆಯಲ್ಲಿ ಉಳಿಯುವುದು ದಟ್ಟವಾದ ಸ್ವಲ್ಪ ಮೂತ್ರ. ತೂಬು ಮುಚ್ಚಿದರೆ ನೀರು ಹಾಗೆಯೇ ಹೊರಗೆ ಹೋಗುತ್ತದೆ.

ಕೆರೆಯ ತೂಬಿಗೆ ನೀರುಗಂಟಿ ಇರುವಂತೆ ಈ ತೂಬುಗಳಿಗೂ ಒಬ್ಬ ನೀರುಗಂಟಿ ಇದ್ದಾನೆ. ಅವನಿರುವುದು ಮಿದುಳಿನಲ್ಲಿ. ಬೆವರು ಹರಿದು ರಕ್ತ ಸ್ವಲ್ಪ ದಟ್ಟವಾದ ಕೂಡಲೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಒಂದು ರಸ ರಕ್ತಕ್ಕೆ ಇಳಿಯುತ್ತದೆ. ರಸ ಮೂತ್ರಪಿಂಡಕ್ಕೆ ಬಂದು ಮುಟ್ಟಿದೊಡನೆ ತೂಬುಗಳು ತೆರೆಯುತ್ತವೆ, ನೀರು ಉಳಿಯುತ್ತದೆ. ಅದೇ ವೇಳೆಗೆ ಬಾಯಾರಿಕೆಯೂ ಆಗುತ್ತದೆ. ಮಳೆಗಾಲದಲ್ಲಿ ಬೆವರಿಲ್ಲ, ರಸವೂ ಕಡಿಮೆ, ತೂಬು ಮುಚ್ಚಿರುತ್ತದೆ, ಮೂತ್ರ ತಿಳಿ. ಮದ್ಯ ಕುಡಿದರೆ ಈ ರಸ ಇಳಿಯುವುದು ತಗ್ಗುತ್ತದೆ. ಆದುದರಿಂದ ಬಿಸಿಲಿನಲ್ಲಿ ದುಡಿದ ಮೇಲೆ ಮದ್ಯದಿಂದ ದಣಿವಾರಿಸಿಕೊಳ್ಳುವವನು ಇದ್ದ ನೀರನ್ನೂ ಕಳೆದುಕೊಳ್ಳುತ್ತಾನೆ.

ಆದರೆ ನೀರುಗಂಟಿ ಕೆರೆಯಲ್ಲಿರುವ ನೀರನ್ನು ಉಳಿಸಬಲ್ಲನೇ ಹೊರತು ಹೊಸ ನೀರನ್ನು ತರಲಾರ. ತೂಬು ಎಷ್ಟೇ ಬಿಗಿಯಾಗಿ ಕೆಲಸ ಮಾಡಿದರೂ, ದಿನದ ಕಸವನ್ನು ಕರಗಿಸಿ ಹೊರಗೆ ಹಾಕಲು ಸುಮಾರು ಅರ್ಧ ಲೀಟರು ನೀರಾದರೂ ಮೂತ್ರವಾಗಿ ಹೋಗಲೇಬೇಕು. ಬರಬೇಕಾದ ನೀರು ಬಾಯಿಂದಲೇ ಬರಬೇಕು.

ಅಂಗಳಕ್ಕೆ ಒಯ್ದು ಹಾಕುವ ಕೆಲಸ

ನಳಿಕೆಯ ಗೋಡೆಗೆ ಇನ್ನೊಂದು ಕೆಲಸವೂ ಇದೆ. ಜರಡಿಯಲ್ಲಿ ಇಳಿಯದೆ ರಕ್ತದಲ್ಲಿಯೇ ಉಳಿದ ಬೇಡದ ವಸ್ತುವನ್ನು ಅದು ಕೈಯಿಂದ ಎತ್ತಿದಂತೆ ಎತ್ತಿ ನಳಿಕೆಯೊಳಗೆ ಹಾಕುತ್ತದೆ. ಇದನ್ನು ಸ್ರಾವ ಎನ್ನುತ್ತಾರೆ. ಹಿಂದಕ್ಕೆ ತೆಗೆದುಕೊಳ್ಳುವುದು ಒಂದು ದಿಕ್ಕು. ಇದು ಅದರ ಎದುರು ದಿಕ್ಕು. ಟೋಡ್‌ಫಿಶ್ ಎಂಬ ಕಡಲಮೀನಿನ ಮೂತ್ರಪಿಂಡದಲ್ಲಿ ಜರಡಿಯೇ ಇಲ್ಲ, ನಳಿಕೆಗಳು ಮಾತ್ರ ಇವೆ. ಆದರೂ ಅದು ಮೂತ್ರ ಮಾಡುತ್ತದೆ. ಬರಿಯ ಸ್ರಾವದಿಂದಲೂ ಮೂತ್ರವಾಗಬಹುದೆಂಬುದಕ್ಕೆ ಇಂಥ ಮೀನುಗಳೇ ಸಾಕ್ಷಿ.

ನಮ್ಮ ನಳಿಕೆಗಳು ಹೀಗೆ ಹೊರಗೆ ಹಾಕುವ ವಸ್ತುಗಳಲ್ಲಿ ಮೊದಲನೆಯದು ಆಮ್ಲ. ನಾವು ಉಂಡ ಆಹಾರ ಶರೀರದಲ್ಲಿ ಉರಿದಾಗ ಆಮ್ಲ ಹುಟ್ಟುತ್ತದೆ. ನಳಿಕೆಯ ಕೋಶಗಳು ಆಮ್ಲವನ್ನು ಹೊರಗೆ ತಳ್ಳುತ್ತವೆ. ಅದನ್ನು ಹೊತ್ತುಕೊಂಡು ಹೋಗಲು ಅಮೋನಿಯಾವನ್ನೂ ತಾವೇ ತಯಾರಿಸುತ್ತವೆ. ರಕ್ತ ಹುಳಿಯಾಗದಂತೆ ಕಾಯುವ ಕೆಲಸದಲ್ಲಿ ಇದು ದೊಡ್ಡ ಪಾಲು.

ಎರಡನೆಯದು ಪೊಟ್ಯಾಸಿಯಂ. ಗೊಬ್ಬರದ ಪೊಟ್ಯಾಷ್ ನಿಮಗೆ ಗೊತ್ತು. ಅದೇ ಅಂಶ ಬಾಳೆಹಣ್ಣು, ಎಳನೀರು, ಕಾಳು, ಸೊಪ್ಪುಗಳಲ್ಲಿ ಇದೆ. ಇದು ಶರೀರಕ್ಕೆ ಬೇಕಾದದ್ದೇ. ಆದರೆ ರಕ್ತದಲ್ಲಿ ಹೆಚ್ಚಾದರೆ ಹೃದಯದ ಬಡಿತ ತಪ್ಪುತ್ತದೆ. ಹೃದಯ ನಿಂತೂ ಹೋಗಬಹುದು. ನಳಿಕೆಯ ಕೊನೆಯ ಭಾಗ ಹೆಚ್ಚುವರಿ ಪೊಟ್ಯಾಸಿಯಂ ಅನ್ನು ದಿನವೂ ಸ್ರವಿಸಿ ಹೊರಗೆ ಹಾಕುತ್ತದೆ. ಗಟ್ಟಿಮುಟ್ಟಾದವನು ಎರಡು ಎಳನೀರು ಕುಡಿದರೆ ಅದು ತಂಪು. ಮೂತ್ರಪಿಂಡ ಬಹಳ ಕೆಟ್ಟವನಿಗೆ ಅದೇ ಎಳನೀರು ಪ್ರಾಣಾಪಾಯ ತರಬಹುದು. ನೆಂಟರ ಮನೆಯ ಮೂತ್ರಪಿಂಡದ ರೋಗಿಯನ್ನು ನೋಡಲು ಹೋಗುವಾಗ ಪ್ರೀತಿಯಿಂದ ಎಳನೀರು, ಬಾಳೆಹಣ್ಣು ಒಯ್ಯುವವರು ಇದನ್ನು ನೆನಪಿಡಬೇಕು. ಏನು ಕೊಡಬಹುದೆಂದು ಮೊದಲು ವೈದ್ಯರನ್ನು ಕೇಳಿರಿ.

ಮೂರನೆಯದು ಔಷಧಗಳು. ಪೆನ್ಸಿಲಿನ್ ಅನ್ನು ನಳಿಕೆಗಳು ಎಷ್ಟು ಬೇಗ ಹೊರಗೆ ಹಾಕುತ್ತವೆಂದರೆ, ಕೊಟ್ಟ ಮದ್ದಿನ ಹೆಚ್ಚಿನ ಪಾಲು ಕೆಲವೇ ಗಂಟೆಗಳಲ್ಲಿ ಮೂತ್ರಕ್ಕೆ ಬಂದುಬಿಡುತ್ತದೆ. 1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವರಿಗೆ ಈ ಮದ್ದನ್ನು ಕೊಟ್ಟರು. ಲೋಕದಲ್ಲಿ ಆಗ ಇದ್ದ ಪೆನ್ಸಿಲಿನ್ ಬಹಳ ಸ್ವಲ್ಪ. ಅವರ ಮೂತ್ರವನ್ನು ಕೂಡಿಟ್ಟು, ಅದರಿಂದ ಮದ್ದನ್ನು ಮತ್ತೆ ತೆಗೆದು, ಅವರಿಗೇ ಚುಚ್ಚಿದರು. ಅವರು ಚೇತರಿಸಿಕೊಳ್ಳತೊಡಗಿದ್ದರು, ಆದರೆ ಮದ್ದು ಮುಗಿದುಹೋಗಿ ಕೊನೆಗೆ ತೀರಿಕೊಂಡರು. ಇಂದು ವೈದ್ಯರು ಒಂದು ಮಾತ್ರೆಯನ್ನು ದಿನಕ್ಕೆ ಒಮ್ಮೆ, ಇನ್ನೊಂದನ್ನು ಮೂರು ಸಲ ಎಂದು ಹೇಳುವಾಗ, ಮೂತ್ರಪಿಂಡ ಆ ಮದ್ದನ್ನು ಎಷ್ಟು ಬೇಗ ಹೊರಗೆ ಹಾಕುತ್ತದೆಂಬ ಲೆಕ್ಕವೂ ಅದರಲ್ಲಿ ಸೇರಿರುತ್ತದೆ. ಮೂತ್ರಪಿಂಡ ಸೊರಗಿದವರಿಗೆ ಎಷ್ಟೋ ಮದ್ದುಗಳ ಅಳತೆಯನ್ನು ತಗ್ಗಿಸಬೇಕಾಗುತ್ತದೆ. ಒಬ್ಬರ ಮದ್ದನ್ನು ಇನ್ನೊಬ್ಬರು ನುಂಗಬಾರದೆಂಬುದಕ್ಕೆ ಇದೂ ಒಂದು ಕಾರಣ.

ನಳಿಕೆಗಳು ಸೊರಗುವುದು ಹೇಗೆ?

ಇಷ್ಟು ಪಂಪುಗಳು ಹಗಲಿರುಳು ನಡೆಯಬೇಕಾದರೆ ಶಕ್ತಿ ಬೇಕು. ಶಕ್ತಿಗೆ ಪ್ರಾಣವಾಯು ಬೇಕು. ಪ್ರಾಣವಾಯುವನ್ನು ತರುವುದು ರಕ್ತ. ಮೂತ್ರಪಿಂಡಕ್ಕೆ ಅಷ್ಟು ದೊಡ್ಡ ಪಾಲು ರಕ್ತ ಬರುವುದು ಮುಖ್ಯವಾಗಿ ಸೋಸುವ ಕೆಲಸಕ್ಕಾಗಿ; ಅದೇ ರಕ್ತ ನಳಿಕೆಗಳಿಗೆ ಪ್ರಾಣವಾಯುವನ್ನೂ ಕೊಡುತ್ತದೆ. ರಕ್ತದ ಹರಿವು ತಗ್ಗಿದರೆ ಬೇಗ ಪೆಟ್ಟು ತಿನ್ನುವವುಗಳಲ್ಲಿ ಈ ದುಡಿಯುವ ನಳಿಕೆಗಳೂ ಸೇರಿವೆ. ಹಳ್ಳಿಯವರಾದ ನಮಗೆ ಇದು ಬರುವ ದಾರಿಗಳು ಮುಖ್ಯವಾಗಿ ಇವು.

ಒಂದು, ಬಿಸಿಲು ಮತ್ತು ಬಾಯಾರಿಕೆ. ಬೆವರಿನಲ್ಲಿ ಬಹಳ ನೀರು ಹೋದರೆ, ಅಥವಾ ವಾಂತಿಭೇದಿಯಾದರೆ, ರಕ್ತದ ಪ್ರಮಾಣ ತಗ್ಗುತ್ತದೆ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಬಿಸಿಲಿನಲ್ಲಿ ಕಬ್ಬು ಕಡಿಯುವ ಯುವಕರು ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದೆಯೇ ಮೂತ್ರಪಿಂಡದ ರೋಗಕ್ಕೆ ತುತ್ತಾದರು. ಅವರಲ್ಲಿ ಹೆಚ್ಚಾಗಿ ಹಾಳಾಗಿದ್ದುದು ನಳಿಕೆಗಳೂ ಅವುಗಳ ಸುತ್ತಣ ಭಾಗವೂ. ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದ ರೈತರಲ್ಲಿಯೂ, ನಮ್ಮ ನೆರೆಯ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿಯೂ ಇಂಥ ರೋಗ ಹಬ್ಬಿದೆ. ಇವೆಲ್ಲಕ್ಕೂ ಒಂದೇ ಕಾರಣವೆಂದು ವಿಜ್ಞಾನಿಗಳು ಹೇಳಿಲ್ಲ. ಬಿಸಿಲಿನ ದುಡಿಮೆ ಅವರು ಶಂಕಿಸುವ ಕಾರಣಗಳಲ್ಲಿ ಒಂದು. ನಿಕರಾಗುವಾದಲ್ಲಿ ಕಬ್ಬು ಕಡಿಯುವವರಿಗೆ ನೆರಳು, ವಿಶ್ರಾಂತಿ, ನೀರು ಇವನ್ನು ಕ್ರಮವಾಗಿ ಒದಗಿಸಿದಾಗ ಮೂತ್ರಪಿಂಡಕ್ಕೆ ಆಗುತ್ತಿದ್ದ ಪೆಟ್ಟು ತಗ್ಗಿದ್ದು ಕಂಡುಬಂದಿದೆ.

ಎರಡು, ನೋವಿನ ಮಾತ್ರೆ. ಶರೀರದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡವು ಒಂದು ಬಗೆಯ ರಸವನ್ನು ಹುಟ್ಟಿಸಿ ತನ್ನ ರಕ್ತನಾಳಗಳನ್ನು ತೆರೆದಿಟ್ಟುಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಆ ರಸವನ್ನು ತಡೆಯುತ್ತವೆ. ನೀರಿಲ್ಲದೆ ಬಳಲಿದ ದಿನವೇ ಸೊಂಟನೋವೆಂದು ಇದನ್ನು ನುಂಗಿದರೆ ನಳಿಕೆಗಳಿಗೆ ರಕ್ತ ಇನ್ನಷ್ಟು ತಗ್ಗುತ್ತದೆ. ಡೈಕ್ಲೋಫೆನಾಕಿನ ಕಥೆ ರಣಹದ್ದುಗಳನ್ನು ಕೇಳಿರಿ. ಈ ಮದ್ದು ಕೊಟ್ಟ ದನ ಸತ್ತಾಗ ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ಹೊರಗೆ ಹೋಗಬೇಕಾದ ಯೂರಿಕ್ ಆಮ್ಲ ಒಳ ಅಂಗಗಳ ಮೇಲೆ ಸುಣ್ಣ ಬಳಿದಂತೆ ಕೂತು, ಅವು ಗುಂಪುಗುಂಪಾಗಿ ಸತ್ತವು. 2006ರಲ್ಲಿ ಭಾರತ ಸರ್ಕಾರ ದನಕರುಗಳ ಮದ್ದಾಗಿ ಇದನ್ನು ನಿಷೇಧಿಸಿತು. ಮನುಷ್ಯನ ಮೂತ್ರಪಿಂಡ ಹದ್ದಿನದರಷ್ಟು ನಾಜೂಕಲ್ಲ. ಆದರೂ ವೈದ್ಯರನ್ನು ಕೇಳದೆ ದಿನವೂ ನುಂಗುವ ಮಾತ್ರೆ ಇದಲ್ಲ.

ಮೂರು, ಕೊಳಕುಮಂಡಲದ ಕಡಿತ. ಈ ಹಾವಿನ ವಿಷ ನಳಿಕೆಗಳನ್ನು ಕೊಲ್ಲುತ್ತದೆ. ಕಡಿದ ಮೇಲೆ ಮಂತ್ರ, ನಾಟಿಮದ್ದು ಎಂದು ಕಳೆಯುವ ಒಂದೊಂದು ಗಂಟೆಯೂ ಮೂತ್ರಪಿಂಡಕ್ಕೆ ನಷ್ಟ. ನೇರವಾಗಿ ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ.

ನಾಲ್ಕು, ಇಲಿಜ್ವರ. ಇದರ ರೋಗಾಣು ಇಲಿಗಳ ಮೂತ್ರಪಿಂಡದ ನಳಿಕೆಗಳಲ್ಲಿಯೇ ಮನೆ ಮಾಡಿಕೊಂಡಿರುತ್ತದೆ. ಅವುಗಳ ಮೂತ್ರದೊಡನೆ ಗದ್ದೆಯ ನೀರಿಗೆ ಸೇರಿ, ಕಾಲಿನ ಗಾಯದ ಮೂಲಕ ನಮ್ಮೊಳಗೆ ಬಂದು, ನಮ್ಮ ನಳಿಕೆಗಳಿಗೂ ಕೇಡು ಮಾಡುತ್ತದೆ. ಕೆಸರು ಗದ್ದೆಯಲ್ಲಿ ದುಡಿದವರಿಗೆ ಮೈಕೈ ನೋವಿನೊಡನೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಧೈರ್ಯದ ಮಾತೂ ಒಂದಿದೆ. ಒಮ್ಮೆ ಹಾಳಾದ ಜರಡಿ ಮತ್ತೆ ಹುಟ್ಟುವುದಿಲ್ಲ. ಆದರೆ ನಳಿಕೆಯ ಗೋಡೆಯ ಕೋಶಗಳು ಸತ್ತರೆ, ಉಳಿದ ಕೋಶಗಳು ಬೆಳೆದು ಆ ತೆರವನ್ನು ತುಂಬಬಲ್ಲವು. ಬೇಗ ಚಿಕಿತ್ಸೆಯಾದರೆ, ಮೂತ್ರ ನಿಂತಿದ್ದವರು ಸಹ ಕೆಲವು ದಿನ ಇಲ್ಲವೆ ಕೆಲವು ವಾರಗಳಲ್ಲಿ ಚೇತರಿಸಿಕೊಂಡ ಉದಾಹರಣೆಗಳು ಬಹಳ. ಪೆಟ್ಟು ಮತ್ತೆ ಮತ್ತೆ ಬಿದ್ದರೆ ಮಾತ್ರ, ಕಳೆ ಹತ್ತಿದ ಕಾಲುವೆಯಂತೆ, ನಳಿಕೆ ಗಟ್ಟಿಯಾಗಿ ಮುಚ್ಚಿಹೋಗುತ್ತದೆ.

ನೀವು ಮಾಡತಕ್ಕದ್ದು

ಬಿಸಿಲಿನಲ್ಲಿ ದುಡಿಯುವಾಗ ಬಾಯಾರುವವರೆಗೆ ಕಾಯದೆ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಶುದ್ಧ ನೀರು ಕುಡಿಯಿರಿ. ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆಯೂ ಒಳ್ಳೆಯದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ನೀರು, ಉಪ್ಪು ಎರಡರ ಅಳತೆಯನ್ನೂ ವೈದ್ಯರಿಂದ ತಿಳಿದುಕೊಳ್ಳಬೇಕು.

ಕೂಲಿಯಾಳುಗಳನ್ನು ಕರೆದವರು ಅವರಿಗೆ ನೀರೂ ನೆರಳೂ ಒದಗಿಸತಕ್ಕದ್ದು. ನಡುಹಗಲಿನ ಕೆಲಸವನ್ನು ಬೆಳಗಿನ ತಂಪಿಗೂ ಸಂಜೆಗೂ ಹಂಚಿಕೊಳ್ಳಿರಿ. ಹೊಲದಲ್ಲಿ ಮರೆ ಇಲ್ಲವೆಂದು ಹೆಣ್ಣುಮಕ್ಕಳು ನೀರು ಕುಡಿಯದೆ ಇರುವುದುಂಟು. ಮರೆಯ ಏರ್ಪಾಟು ಮಾಡುವುದು ಗಂಡಸರ ಹೊಣೆ.

ವಾಂತಿಭೇದಿಗೆ ಒಂದು ಪೊಟ್ಟಣ ಓ.ಆರ್.ಎಸ್. ಅನ್ನು ಒಂದು ಲೀಟರು ನೀರಿಗೆ ಬೆರೆಸಿ ಕೊಡಿರಿ. ವಾಂತಿಭೇದಿಯಾದ ದಿನ, ಬಿಸಿಲಿಗೆ ಬಳಲಿದ ದಿನ ನೋವಿನ ಮಾತ್ರೆ ಬೇಡ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಪ್ರೋಟೀನು, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿರಿ. ಮುಖ, ಕಾಲು ಊದಿಕೊಂಡರೆ, ಮೂತ್ರ ಬಹಳ ತಗ್ಗಿದರೆ, ಬಣ್ಣ ಕೆಂಪಾದರೆ ಅಥವಾ ಕಪ್ಪಾದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ನಾಳೆ ಸಂಜೆ ಹೊಲದಿಂದ ಬಂದಾಗ ನಿಮ್ಮ ಮೂತ್ರದ ಬಣ್ಣವನ್ನು ಒಮ್ಮೆ ಗಮನಿಸಿರಿ. ತಿಳಿಹಳದಿಯಾಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಗಾಢವಾಗಿದ್ದರೆ, ನಿಮ್ಮ ನೀರುಗಂಟಿ ಇದ್ದ ನೀರನ್ನೆಲ್ಲ ಹಿಡಿದಿಟ್ಟು, ಇನ್ನು ನಿಮ್ಮ ಕೈಯಲ್ಲಿದೆ ಎಂದು ಹೇಳಿ ಕಳುಹಿಸಿದ್ದಾನೆಂದು ತಿಳಿಯಿರಿ. ಮರುದಿನ ಬುತ್ತಿಯೊಡನೆ ಇನ್ನೊಂದು ಬಿಂದಿಗೆ ನೀರನ್ನೂ ಹೊಲಕ್ಕೆ ಒಯ್ಯಿರಿ.